ದೋಣಿಗೆ ಅಟ್ಟ ಬೇಕೇ?

ಇಚಲಕರಂಜಿಯಲ್ಲಿ ಎಂಟು ಯಂತ್ರಮಗ್ಗಗಳನ್ನು ನಡೆಸುತ್ತಿದ್ದ ನನ್ನ ತಮ್ಮನ ಮಗ ಅವುಗಳಲ್ಲಿ ನಾಲ್ಕನ್ನು ಮಾರಿ, ಗೋವೆಯ ಗೆಳೆಯನೊಡನೆ ಪ್ರವಾಸಿಗರ ದೋಣಿ ಕೊಳ್ಳಲು ಹೊರಟಿದ್ದಾನೆ. ಎರಡು ಒಡಲುಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ, ಎಂಜಿನ್ನಿನಿಂದ ಓಡುವ ದೋಣಿ. ಕ್ಯಾಟಮರಾನ್ ಎಂಬ ಅದರ ಹೆಸರು ತಮಿಳರ 'ಕಟ್ಟುಮರ'ದಿಂದಲೇ ಹೋದದ್ದು. ಕಳೆದ ಅಮಾವಾಸ್ಯೆಗೆ ಗಡಹಿಂಗ್ಲಜದ ನಮ್ಮ ಮನೆಗೆ ಬಂದವನು, "ದೊಡ್ಡಪ್ಪಾ, ಮ್ಯಾಲೊಂದು ಅಟ್ಟ ಕಟ್ಟಿಸಿ ಅಲ್ಲೇ ಚುಕ್ಕಾಣಿ ಇಡೂಣು ಅಂತಾನ ಗೆಳೆಯ. ನಿಮ್ಮ ವಿಚಾರ ಏನ್ರಿ?" ಎಂದು ಕೇಳಿದ.

ಹಿರಣ್ಯಕೇಶಿಯ ದಂಡೆಯ ಮಾಸ್ತರನಿಗೆ ಸಮುದ್ರದ ಪ್ರಶ್ನೆ! ಆದರೂ ಗಣಿತವು ಎಲ್ಲೆಡೆಯೂ ಒಂದೇ. ನೀರಿನಿಂದ ಕಣ್ಣು 2 ಮೀಟರ್ ಎತ್ತರದಲ್ಲಿದ್ದರೆ ದಿಗಂತವು ಸುಮಾರು 5 ಕಿಲೋಮೀಟರ್ ದೂರ. 5 ಮೀಟರ್ ಎತ್ತರದಲ್ಲಿದ್ದರೆ ಸುಮಾರು 8. ನೀರೊಳಗಿನ ಬಂಡೆ, ಬಲೆಯ ಬೆಂಡು ಮೇಲಿನಿಂದ ಬೇಗ ಕಾಣುತ್ತವೆ. ತಂಗಾಳಿಯೂ ಉಂಟು, ಪ್ರವಾಸಿಗನು ಹಣ ಕೊಡುವುದು ಅದಕ್ಕೇ. ಇಷ್ಟನ್ನು ಒಪ್ಪಲೇಬೇಕು.

ಮರುದಿನ ಶಾಲೆಯ ಹುಡುಗರೊಡನೆ ದೊಡ್ಡ ಬೋಗುಣಿಗೆ ನೀರು ತುಂಬಿದೆವು. ಬಾಳೆದಿಂಡಿನ ಒಂದು ತುಂಡಿಗೆ ಕಡ್ಡಿ ನೆಟ್ಟು, ತುದಿಗೆ ಬದನೆಕಾಯಿ ಸಿಕ್ಕಿಸಿ ತೇಲಿಬಿಟ್ಟರೆ ಕ್ಷಣದಲ್ಲಿ ಮಗುಚಿತು. ಎರಡು ತುಂಡುಗಳನ್ನು ಗೇಣಂತರದಲ್ಲಿ ಜೋಡಿಸಿ ನಡುವೆ ಅದೇ ಕಾಯಿಯನ್ನು ನಿಲ್ಲಿಸಿದಾಗ ಅಲುಗಿತೇ ಹೊರತು ಬೀಳಲಿಲ್ಲ. ಅಗಲವೇ ಜೋಡಿದೋಣಿಯ ಬಲ. ಹುಡುಗರು ಚಪ್ಪಾಳೆ ತಟ್ಟಿದರು. ನನ್ನ ತಮ್ಮನ ಮಗನ ಮುಖವೂ ಅರಳಿತು. ಅನಂತರ ಕಡ್ಡಿಯನ್ನು ಉದ್ದ ಮಾಡಿ, ಭಾರವನ್ನು ಹೆಚ್ಚಿಸಿ ಒಂದು ಬದಿಗೆ ಸರಿಸಿದೆವು. ಅದೂ ಮಗುಚಿತು. ಮಗುಚಿದ ಮೇಲೆ ತಾನಾಗಿ ಎದ್ದು ನಿಲ್ಲಲಿಲ್ಲ. ಆ ಅಗಲವೇ ಅದನ್ನು ಅಂಗಾತವಾಗಿ ಹಿಡಿದಿಟ್ಟಿತು.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ದೋಣಿ ಮಗುಚಿ 45 ಜನರು ಸತ್ತರು. 2023ರ ಮೇ 7ರಂದು ತಾನೂರಿನಲ್ಲಿ ಮತ್ತೊಂದು ಎರಡಂತಸ್ತಿನ ದೋಣಿ ಮಗುಚಿ 22 ಜನರು. ಅವರಲ್ಲಿ ಅನೇಕರು ಮಕ್ಕಳು. ಅಟ್ಟವಿಲ್ಲದ ದೋಣಿಯೂ ಭಾರ ಮೀರಿದರೆ ಉಳಿಯದು: 2019ರ ಮಹಾಪೂರದಲ್ಲಿ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಆದದ್ದನ್ನು ನಮ್ಮ ಕಡೆಯ ಯಾರೂ ಮರೆತಿಲ್ಲ.

"ನಮ್ಮದು ಜೋಡಿ ಒಡಲಿಂದು, ದೊಡ್ಡಪ್ಪಾ" ಎಂದ ಹುಡುಗ.

"ಒಡಲು ಎರಡಾದರೂ ಮಂದಿ ಅದೇ ಮಂದಿನೋ ತಮ್ಮಾ. ಡಾಲ್ಫಿನ್ ಕಂಡಿತು ಅಂದರ ಎಲ್ಲಾರೂ ಒಂದೇ ಕಡೆ ಓಡತಾರ."

ಮನೆಮಂದಿ ನಾಲ್ವರೇ ತಿರುಗಾಡುವ ದೋಣಿಯಾದರೆ ತಗ್ಗಾದ, ಹಗುರವಾದ ಅಟ್ಟವನ್ನು ನಾನು ಬೇಡವೆನ್ನುತ್ತಿರಲಿಲ್ಲ. ಬಾಡಿಗೆಯ ದೋಣಿಯಲ್ಲಿ ಅದು ಚಾಲಕನೊಬ್ಬನಿಗೇ ಇರಲಿ, ಮಳೆಗಾಳಿಗೆಂದು ಕೆಳಗೂ ಒಂದು ಚುಕ್ಕಾಣಿ ಇರಲಿ ಎಂದೆ. ಅಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸದಿದ್ದರೆ ಗಿರಾಕಿಗಳು ಬಾರರೆಂದು ಗೆಳೆಯನ ಹಟವಂತೆ. ಮುಂಗಡವನ್ನು ಇನ್ನೂ ಕೊಟ್ಟಿಲ್ಲ. ದೀಪಾವಳಿಗೆ ಅವನನ್ನೂ ಕರೆದುಕೊಂಡು ಬಾ ಎಂದು ಹೇಳಿ ಕಳುಹಿಸಿದ್ದೇನೆ; ಬೋಗುಣಿ ಇನ್ನೂ ಶಾಲೆಯಲ್ಲಿಯೇ ಇದೆ.