ಹಸ್ತಾ ನಕ್ಷತ್ರದ ಮಗ್ಗುಲಲ್ಲೊಂದು ಡಿಕ್ಕಿ

ಏಪ್ರಿಲ್ ರಾತ್ರಿ. ದಕ್ಷಿಣಕ್ಕೆ ತಿರುಗಿ ತಲೆಯೆತ್ತಿದರೆ ಚಿತ್ತೆಯ ಪಕ್ಕದಲ್ಲೇ ಹಸ್ತಾ. ಹಸ್ತಾ ಮಳೆ ಸುರಿಯುವ ದಿನಗಳಲ್ಲಿ ಸೂರ್ಯ ಆ ದಿಕ್ಕಿನಲ್ಲೇ ಇರುವುದರಿಂದ ಅದು ಕಾಣುವುದಿಲ್ಲ. ಬೇಸಿಗೆಯಲ್ಲೇ ನೋಡಿಕೊಳ್ಳಬೇಕು.

ಅದರ ಪಶ್ಚಿಮಕ್ಕೆ, ಬರಿಗಣ್ಣಿಗೆ ಎಟುಕದ ಒಂದು ಮಸುಕು. ವಿಲಿಯಂ ಹರ್ಷೆಲ್ 1785ರಲ್ಲಿ ಕಂಡದ್ದು. ಈಗ ಆಂಟೆನಾ ಗ್ಯಾಲಕ್ಸಿಗಳು ಎನ್ನುತ್ತಾರೆ: ಎರಡು ಗ್ಯಾಲಕ್ಸಿಗಳು ಒಂದರೊಳಗೊಂದು ನುಗ್ಗಿ, ಜಿರಲೆ ಮೀಸೆಯಂಥ ಎರಡು ಬಾಲ ಚಾಚಿವೆ. (ಮೀಸೆಯೋ ಬಾಲವೋ? ಖಗೋಳದವರಿಗೆ ಎರಡೂ ಸರಿ.)

ಡಿಕ್ಕಿಯಂತೆ. ಯಾವುದಕ್ಕೆ ಯಾವುದು ಬಡಿಯಿತು? ಸೂರ್ಯನನ್ನು ರಾಗಿ ಕಾಳಿನಷ್ಟು ಮಾಡಿದರೆ ಅತಿ ಹತ್ತಿರದ ನಕ್ಷತ್ರ 40 ಕಿಲೋಮೀಟರಿಗೂ ಆಚೆ. ಇಷ್ಟು ವಿರಳವಾದ ಎರಡು ರಾಶಿ ಒಂದರೊಳಗೊಂದು ಹಾದುಹೋದರೂ ಕಾಳಿಗೆ ಕಾಳು ತಾಗುವುದು ಇಲ್ಲವೆನ್ನುವಷ್ಟು ಅಪರೂಪ. ಬಡಿದುಕೊಳ್ಳುವುದು ನಡುವೆ ಹರಡಿದ ಅನಿಲದ ಮೋಡಗಳು. ಅವಕ್ಕೆ ನುಣುಚಿಕೊಳ್ಳಲು ಜಾಗವಿಲ್ಲ. ಒತ್ತಿಕೊಂಡು, ಕುಸಿದು, ನಕ್ಷತ್ರಗಳಾಗುತ್ತವೆ. ಹಬಲ್ ದೂರದರ್ಶಕ ಇಲ್ಲಿ ಸಾವಿರಕ್ಕೂ ಹೆಚ್ಚು ಎಳೆಯ ನಕ್ಷತ್ರಗುಚ್ಛಗಳನ್ನು ತೋರಿಸಿದೆ. ಬಹುಪಾಲು ಚದುರಿಹೋಗುತ್ತವೆ, ಗಟ್ಟಿಯಾದ ಕೆಲವು ಉಳಿಯುತ್ತವೆ. ನಮ್ಮ ಆಕಾಶಗಂಗೆಯ ಗೋಳಾಕಾರದ ನಕ್ಷತ್ರಗುಚ್ಛಗಳಿಗೆ ಸಾವಿರ ಕೋಟಿ ವರ್ಷ ದಾಟಿದೆ. ಆ ಮುದುಕರೂ ಹುಟ್ಟುವಾಗ ಹೀಗೇ ಇದ್ದರೇ?

1941, ಸ್ವೀಡನ್. ಇಂಥ ಡಿಕ್ಕಿಯ ಲೆಕ್ಕ ಹಾಕಹೊರಟ ಖಗೋಳವಿಜ್ಞಾನಿ ಎರಿಕ್ ಹೋಲ್ಮ್‌ಬರ್ಗ್ ಬಳಿ ಕಂಪ್ಯೂಟರ್ ಇಲ್ಲ, ಬಲ್ಬುಗಳಿವೆ. 37ರಂತೆ ಎರಡು ಗುಂಪು ಮಾಡಿ ಅವನ್ನೇ ಗ್ಯಾಲಕ್ಸಿಗಳೆಂದ. ದೂರ ಇಮ್ಮಡಿಸಿದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ, ಗುರುತ್ವವೂ ಹಾಗೆಯೇ. ಸರಿ, ಒಂದೊಂದು ಬಲ್ಬಿನ ಜಾಗದಲ್ಲೂ ಬೆಳಕು ಅಳೆದು, ಅದನ್ನೇ ಸೆಳೆತವೆಂದು ಲೆಕ್ಕಹಾಕಿ, ಬಲ್ಬನ್ನು ಚೂರು ಸರಿಸುವುದು. ಮತ್ತೆ ಅಳೆಯುವುದು. ಇದನ್ನು ಓದಿದ ದಿನ ನನಗೆ ಗ್ಯಾಲಕ್ಸಿಗಳೇ ಮರೆತುಹೋಗಿದ್ದವು.

ಗುರುತ್ವ ಇಷ್ಟು ಸಪೂರ ಬಾಲ ಎಳೆಯಬಲ್ಲದೆಂದು ಅನೇಕರು ನಂಬಿರಲಿಲ್ಲ. 1972ರಲ್ಲಿ ಟೂಮ್ರೆ ಸಹೋದರರು, ಅಲಾರ್ ಮತ್ತು ಯೂರಿ, ಗುರುತ್ವವೊಂದೇ ಸಾಕೆಂದು ಕಂಪ್ಯೂಟರಿನಲ್ಲಿ ತೋರಿಸಿದರು. ಚಂದ್ರ ಸೆಳೆದಾಗ ಕಡಲು ಭೂಮಿಯ ಈಚೆ ಬದಿಗೂ ಉಬ್ಬುತ್ತದೆ, ಆಚೆ ಬದಿಗೂ ಉಬ್ಬುತ್ತದೆ. ಆ ಆಚೆಯ ಉಬ್ಬೇ ಇಲ್ಲಿ ಬಾಲ.

ದಕ್ಷಿಣದ ಬಾಲದ ತುದಿಯಲ್ಲಿ ಒಂದು ಗಂಟು. ಕಿತ್ತುಬಂದ ಅನಿಲ, ಹೊಸ ನಕ್ಷತ್ರಗಳು. ಕುಬ್ಜ ಗ್ಯಾಲಕ್ಸಿಯೊಂದು ರೂಪುಗೊಳ್ಳುತ್ತಿರಬಹುದೆಂಬ ಅಂದಾಜಿದೆ. ದೊಡ್ಡವೆರಡೂ ಕೊನೆಗೆ ಸುರುಳಿ ಕಳೆದುಕೊಂಡು ಒಂದೇ ಅಂಡಾಕಾರದ ಗ್ಯಾಲಕ್ಸಿಯಾಗಲಿವೆ. ಈ ಗಂಟು ಆಗಲೂ ದೂರದಲ್ಲಿ ತನ್ನ ಪಾಡಿಗೆ ಸುತ್ತುತ್ತಿರುತ್ತದೋ, ಮರಳಿ ಒಳಗೇ ಬೀಳುತ್ತದೋ?