ಆಟಕ್ಕುಂಟು, ಲೆಕ್ಕಕ್ಕಿಲ್ಲ

ದೊಡ್ಡ ಪಂದ್ಯ ಯಾವುದೇ ಇರಲಿ, ಮೈದಾನದಲ್ಲಿ ಅದು ಆರಂಭವಾಗುವ ಮೊದಲೇ ಒಂದು ಸಲ ಆಡಿ ಮುಗಿದಿರುತ್ತದೆ. ಪತ್ರಿಕೆಯ ಕ್ರೀಡಾಪುಟದಲ್ಲಿ, ರೇಡಿಯೊ ಚರ್ಚೆಯಲ್ಲಿ, ಅಂಗಡಿ ಕಟ್ಟೆಯ ಹರಟೆಯಲ್ಲಿ ಎರಡೂ ತಂಡಗಳನ್ನು ತಕ್ಕಡಿಯಲ್ಲಿಟ್ಟು ತೂಗಿಯಾಗಿರುತ್ತದೆ. ಯಾರ ಮೊಣಕಾಲು ನೋಯುತ್ತಿದೆ, ಹೋದ ಸಲ ಯಾರು ಯಾರನ್ನು ಎಷ್ಟು ಅಂತರದಿಂದ ಸೋಲಿಸಿದರು, ಅಂದು ಗಾಳಿ ಹೇಗಿದ್ದೀತು ಎಂದೆಲ್ಲ ಕೂಡಿ ಕಳೆದು ಕೊನೆಗೊಂದು ತೀರ್ಪು ಕೊಡುತ್ತಾರೆ. ಇದಕ್ಕೆ ಮುನ್ನೋಟ ಎಂದು ಹೆಸರು. ಪರೀಕ್ಷೆಯ ದಿನಗಳಲ್ಲಿ ಮನೆಮನೆಗಳಲ್ಲಿ ನಡೆಯುವುದೂ ಇದೇ ಬಗೆಯ ಲೆಕ್ಕ. ಪ್ರಿಪರೇಟರಿಯಲ್ಲಿ ಇಷ್ಟು ಬಂದಿದೆ, ಆದ್ದರಿಂದ ಪಬ್ಲಿಕ್ ಪರೀಕ್ಷೆಯಲ್ಲಿ ಇಷ್ಟು ಬಂದೀತು. ಇವನು ಪಾಸಾದರೆ ಸಾಕು, ಅವಳಿಗೆ ರ‍್ಯಾಂಕ್ ಖಂಡಿತ.

ಇಂಥ ಲೆಕ್ಕ ಬಹಳ ಸಲ ಸರಿಯಾಗಿಯೇ ಇರುತ್ತದೆ. ಆದರೆ ಯಾವ ಲೆಕ್ಕದಲ್ಲೂ ಒಬ್ಬಿಬ್ಬರು ಬಿಟ್ಟುಹೋಗಿರುತ್ತಾರೆ. ಬೀದಿಯಲ್ಲಿ ಮಕ್ಕಳು ಆಡುವಾಗ ತೀರ ಚಿಕ್ಕವನೊಬ್ಬ ತಾನೂ ಬರುತ್ತೇನೆಂದು ಹಟ ಹಿಡಿದರೆ ದೊಡ್ಡವರು ಅವನನ್ನು ಸೇರಿಸಿಕೊಳ್ಳುತ್ತಾರೆ. ಅವನು ಓಡಬಹುದು, ಕೂಗಬಹುದು. ಔಟಾದರೆ ಔಟಲ್ಲ, ಗೆದ್ದರೆ ಗೆಲುವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ದೊಡ್ಡವರ ಆಟಗಳಲ್ಲೂ ಇಂಥವರಿರುತ್ತಾರೆ. 1993ರ ಜನವರಿ 3ರಂದು ಅಮೆರಿಕದ ಬಫೆಲೊ ನಗರದ ಬಳಿ ನಡೆದ ಒಂದು ಫುಟ್‌ಬಾಲ್ ಪಂದ್ಯವನ್ನು ನೆನೆದಾಗ ಮೊದಲು ಹೊಳೆಯುವುದು ಈ ಮಾತೇ.

ಇಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡಾಟವಲ್ಲ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವನ್ನು ಹೆಚ್ಚಾಗಿ ಕೈಯಿಂದಲೇ ಆಡುತ್ತಾರೆ. ಚೆಂಡು ದುಂಡಗಿರುವುದಿಲ್ಲ, ಎರಡೂ ತುದಿಗಳಲ್ಲಿ ಚೂಪು. ಒಂದೊಂದು ಕಡೆ 11 ಮಂದಿ, ತಲೆಗೆ ಶಿರಸ್ತ್ರಾಣ, ಭುಜಕ್ಕೆ ಮೆತ್ತೆ. 100 ಗಜ ಉದ್ದದ ಅಂಗಳದಲ್ಲಿ ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ಒಯ್ಯಬೇಕು. ಒಯ್ದರೆ ಟಚ್‌ಡೌನ್, 6 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಗೆರೆ ದಾಟಲಾಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ 3 ಅಂಕ. 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಇಡೀ ಆಟ ತಲಾ 15 ನಿಮಿಷಗಳ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ.

ತಂಡದ ಬುದ್ಧಿಯೆಲ್ಲ ಇರುವುದು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಲ್ಲಿ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ ಎಂದು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನವಾಗಬೇಕು. ಅವನು ಗಾಯಗೊಂಡರೆ ಎಂದು ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು ತಂಡ ಇಟ್ಟುಕೊಂಡಿರುತ್ತದೆ. ಈ ಎರಡನೆಯವನು ವಾರವೆಲ್ಲ ಅಭ್ಯಾಸ ಮಾಡುತ್ತಾನೆ, ಮೊದಲನೆಯವನು ಓದುವ ಪಾಠವನ್ನೆಲ್ಲ ಓದುತ್ತಾನೆ, ಪಂದ್ಯದ ದಿನ ಸಮವಸ್ತ್ರ ತೊಟ್ಟು ಗೆರೆಯ ಹೊರಗೆ ನಿಲ್ಲುತ್ತಾನೆ. ಕ್ರಿಕೆಟ್ಟಿನ ಹನ್ನೆರಡನೆಯ ಆಟಗಾರನಿಗೆ ನೀರು ಒಯ್ಯುವ ಕೆಲಸವಾದರೂ ಉಂಟು.

ಬಫೆಲೊ ಬಿಲ್ಸ್ ತಂಡದಲ್ಲಿ ಹೀಗೆ ನಿಂತವರು ಫ್ರ್ಯಾಂಕ್ ರೈಕ್. 1985ರಲ್ಲಿ ಅವರು ತಂಡ ಸೇರಿದರು. ಮರುವರ್ಷವೇ ಜಿಮ್ ಕೆಲ್ಲಿ ಬಂದರು. ಕೆಲ್ಲಿ ಆ ಕಾಲದ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬರು. ರೈಕ್ ಅವರ ಎಂಟು ವರ್ಷಗಳಲ್ಲಿ ತಾವೇ ಆರಂಭಿಸಿದ ಪಂದ್ಯಗಳು ಬೆರಳೆಣಿಕೆಯಷ್ಟು. 1989ರಲ್ಲಿ ಕೆಲ್ಲಿಗೆ ಪೆಟ್ಟಾದಾಗ ಮೂರು ಪಂದ್ಯಗಳನ್ನು ಆಡಿ ಮೂರನ್ನೂ ಗೆದ್ದುಕೊಟ್ಟು ಮತ್ತೆ ಗೆರೆಯ ಹೊರಗೆ ಹೋಗಿ ನಿಂತರು. ಅವರಿಗೆ ನಿತ್ಯದ ಕೆಲಸವೆಂದು ಇದ್ದದ್ದು ಒಂದೇ. ಒದೆಯುವವನು ಓಡಿಬರುವಾಗ ಮೊಣಕಾಲೂರಿ ಕುಳಿತು, ಹಿಂದಕ್ಕೆ ಎಸೆದ ಚೆಂಡನ್ನು ಹಿಡಿದು, ನೆಲದ ಮೇಲೆ ನೆಟ್ಟಗೆ ನಿಲ್ಲಿಸುವುದು. ಒದ್ದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಹಿಡಿದವನದು ಬರುವುದಿಲ್ಲ.

ಈಗ ಆ ವಾರದ ಮುನ್ನೋಟಕ್ಕೆ ಬರೋಣ. ಬಿಲ್ಸ್ ಹಿಂದಿನ ಎರಡು ಋತುಗಳಲ್ಲಿ ಸೂಪರ್ ಬೌಲ್ ಫೈನಲ್‌ವರೆಗೆ ಹೋಗಿ ಎರಡನ್ನೂ ಸೋತ ತಂಡ. 1992ರ ಋತುವಿನಲ್ಲಿ 16 ಪಂದ್ಯಗಳಲ್ಲಿ 11 ಗೆದ್ದು ಪ್ಲೇಆಫ್ ಹಂತಕ್ಕೆ ಬಂದಿತ್ತು. ಪ್ಲೇಆಫ್ ಎಂದರೆ ಸೋತವರು ಅಲ್ಲಿಗೇ ಮನೆಗೆ. ಎದುರಾಳಿ ಹ್ಯೂಸ್ಟನ್ ಆಯಿಲರ್ಸ್, 10 ಪಂದ್ಯ ಗೆದ್ದವರು. ಇವೇ ಎರಡು ತಂಡಗಳು ಒಂದು ವಾರ ಮೊದಲು, ಡಿಸೆಂಬರ್ 27ರಂದು, ಹ್ಯೂಸ್ಟನ್‌ನಲ್ಲಿ ಆಡಿದ್ದವು. ಆಯಿಲರ್ಸ್ 27, ಬಿಲ್ಸ್ 3. ಸಾಲದೆಂಬಂತೆ ಅದೇ ಪಂದ್ಯದಲ್ಲಿ ಕೆಲ್ಲಿಯ ಮೊಣಕಾಲಿಗೆ ಪೆಟ್ಟು ಬಿತ್ತು. ರಕ್ಷಣೆಯ ಪ್ರಮುಖ ಆಟಗಾರ ಕಾರ್ನೀಲಿಯಸ್ ಬೆನೆಟ್ ಕೂಡ ಆಡುವ ಸ್ಥಿತಿಯಲ್ಲಿರಲಿಲ್ಲ. ಆಯಿಲರ್ಸ್ ಕಡೆ ವಾರನ್ ಮೂನ್ ಇದ್ದರು. ಚೆಂಡು ಹಿಡಿಯುವ ನಾಲ್ವರನ್ನು ಒಟ್ಟಿಗೆ ಅಟ್ಟಿ, ಬಿಡುವಿದ್ದವರ ಕೈಗೆ ಎಸೆಯುವುದರಲ್ಲಿ ಅವರದು ಎತ್ತಿದ ಕೈ.

ಈ ಅಂಕಿಅಂಶಗಳನ್ನು ಮುಂದಿಟ್ಟುಕೊಂಡು ಕುಳಿತವರು ಯಾರಿಗೆ ಹೆಚ್ಚು ತೂಕ ಕೊಟ್ಟಾರು? ಬಫೆಲೊ ಜನರೂ ತಮ್ಮದೇ ರೀತಿಯಲ್ಲಿ ಮುನ್ನೋಟ ಬರೆದಿದ್ದರು. ಪಂದ್ಯಕ್ಕೆ 72 ಗಂಟೆ ಮೊದಲು ಟಿಕೆಟ್ ಪೂರ್ತಿ ಮಾರಾಟವಾಗದಿದ್ದರೆ ಆ ಊರಿನ ಟಿ.ವಿ.ಯಲ್ಲಿ ಪಂದ್ಯ ತೋರಿಸಬಾರದೆಂಬ ನಿಯಮ ಆಗ ಇತ್ತು. ಟಿಕೆಟ್ ಉಳಿದವು. ದೇಶವೆಲ್ಲ ನೋಡಿದ ಪಂದ್ಯವನ್ನು ಆ ಊರಿನವರು ಮನೆಯಲ್ಲಿ ಕುಳಿತು ನೋಡುವಂತಿರಲಿಲ್ಲ.

ಮೊದಲ ಅರ್ಧ ನಡೆದಾಗ ಮುನ್ನೋಟ ಬರೆದವರಿಗೆ ಹೆಮ್ಮೆಯಾಗಬೇಕು. ಮೂನ್ 22 ಸಲ ಚೆಂಡು ಎಸೆದರು, 19 ಸಲ ಅದು ತಮ್ಮವರ ಕೈ ಸೇರಿತು, ನಾಲ್ಕು ಸಲ ಟಚ್‌ಡೌನ್. ವಿರಾಮಕ್ಕೆ 28–3. ಆ ವಿರಾಮದಲ್ಲಿ ರೈಕ್ ಬಳಿಗೆ ಬಂದು ಒಂದು ಹಳೆಯ ವಿಷಯ ನೆನಪಿಸಿದವರು ಗೇಲ್ ಗಿಲ್ಬರ್ಟ್. ಅವರು ಯಾರೆಂದರೆ ತಂಡದ ಮೂರನೆಯ ಕ್ವಾರ್ಟರ್‌ಬ್ಯಾಕ್, ಎರಡನೆಯವರಿಗೂ ಎರಡನೆಯವರು! ಅವರು ನೆನಪಿಸಿದ್ದು 1984ರ ನವೆಂಬರ್ 10ರ ಮಾತು. ಆಗ ರೈಕ್ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಅಲ್ಲಿಯೂ ಭುಜದ ಪೆಟ್ಟಿನಿಂದ ಸ್ಥಾನ ಕಳೆದುಕೊಂಡು ಹೊರಗೆ ಕುಳಿತವರು. ಮಿಯಾಮಿ ತಂಡದ ವಿರುದ್ಧ ವಿರಾಮಕ್ಕೆ 0–31 ಹಿಂದಿದ್ದಾಗ ಅವರನ್ನು ಒಳಗೆ ಕಳುಹಿಸಿದರು. ಮೇರಿಲ್ಯಾಂಡ್ 42–40ರಲ್ಲಿ ಗೆದ್ದಿತು. ಕಾಲೇಜು ಫುಟ್‌ಬಾಲಿನಲ್ಲಿ ಅಷ್ಟು ಹಿಂದಿನಿಂದ ಬಂದು ಗೆದ್ದ ತಂಡ ಅಲ್ಲಿಯವರೆಗೆ ಇರಲಿಲ್ಲ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು ಎಂಬುದು ಗಿಲ್ಬರ್ಟ್ ಮಾತಿನ ತಾತ್ಪರ್ಯ.

ಇಂಥ ಮಾತು ಕೇಳಿದ ಕೂಡಲೇ ಎಲ್ಲ ಸರಿಹೋಗುವುದು ಸಿನಿಮಾದಲ್ಲಿ. ಇಲ್ಲಿ ಆದದ್ದು ಬೇರೆ. ವಿರಾಮದ ನಂತರ ಎರಡು ನಿಮಿಷವೂ ಆಗಿರಲಿಲ್ಲ, ರೈಕ್ ಎಸೆದ ಚೆಂಡು ಎದುರಾಳಿಯ ಕೈ ಸೇರಿ ಅವನು 58 ಗಜ ಓಡಿ ಟಚ್‌ಡೌನ್ ಮಾಡಿದ. 35–3. ಜನ ಎದ್ದು ಹೊರಡತೊಡಗಿದರು.

ಆಮೇಲಿನ ಕತೆ ಅಂಕಗಳಲ್ಲಿಯೇ ಇದೆ. ಅಂಗಳದ ನಡುವಿನಿಂದ ಆರಂಭಿಸಿ ಬಿಲ್ಸ್ ಒಂದು ಟಚ್‌ಡೌನ್ ಪಡೆಯಿತು. ಮರುಗಳಿಗೆಯಲ್ಲೇ ಬೇಕೆಂದು ಮೋಟಾಗಿ ಒದ್ದ ಚೆಂಡನ್ನು ಒದ್ದವರೇ, ಸ್ಟೀವ್ ಕ್ರಿಸ್ಟಿ, ಓಡಿ ಹಿಡಿದರು. ಡಾನ್ ಬೀಬಿಗೆ 38 ಗಜದ ಎಸೆತ, ಇನ್ನೊಂದು ಟಚ್‌ಡೌನ್. ಆಂಡ್ರೆ ರೀಡ್‌ಗೆ ಒಂದು, ಮತ್ತೆ ಅವರಿಗೇ ಇನ್ನೊಂದು. ಸುಮಾರು ಏಳು ನಿಮಿಷಗಳಲ್ಲಿ 28 ಅಂಕ. ಮೂರನೆಯ ಭಾಗ ಮುಗಿಯುವಷ್ಟರಲ್ಲಿ 35–31. ಹೊರಟಿದ್ದವರು ಕಾರಿನ ರೇಡಿಯೊದಲ್ಲಿ ಇದನ್ನು ಕೇಳಿ ಹಿಂತಿರುಗಿದರು. ಬೇಲಿ ಹತ್ತಿ ಒಳಗೆ ಬಂದವರೂ ಉಂಟು.

ಅದೃಷ್ಟದ ಪಾಲನ್ನೂ ಹೇಳಬೇಕು. ಬೀಬಿ ಆ ಎಸೆತ ಹಿಡಿಯುವ ಮೊದಲು ಗೆರೆಯ ಹೊರಗೆ ಕಾಲಿಟ್ಟಿದ್ದರು, ಅಂಪೈರುಗಳು ಗಮನಿಸಲಿಲ್ಲ. ಟಿ.ವಿ. ಚಿತ್ರ ನೋಡಿ ತೀರ್ಪು ತಿದ್ದುವ ಪದ್ಧತಿ ಆ ಋತುವಿನಲ್ಲಿ ಇರಲಿಲ್ಲ. ಅದೃಷ್ಟ ಬಾಗಿಲು ತೆರೆದದ್ದು ನಿಜ. ತೆರೆದಾಗ ಒಳನುಗ್ಗಲು ಕಾಲಿನಲ್ಲಿ ಬಲವಿತ್ತು ಎಂಬುದೂ ಅಷ್ಟೇ ನಿಜ.

ಅಂಕಗಳು ಹತ್ತಿರ ಬಂದ ಮೇಲೆ ಆಯಿಲರ್ಸ್‌ಗೆ 3 ಅಂಕ ಹೆಚ್ಚಿಸಿಕೊಳ್ಳುವ ಸುಲಭ ಅವಕಾಶ ಸಿಕ್ಕಿತು. ಒದೆಯುವವನು ಸಿದ್ಧನಿದ್ದ. ಆದರೆ ಮೊಣಕಾಲೂರಿ ಕುಳಿತಿದ್ದವನ ಕೈಯಿಂದ ಚೆಂಡು ಜಾರಿತು. ಯಾರೂ ಲೆಕ್ಕಕ್ಕೆ ಹಿಡಿಯದ ಆ ಸಣ್ಣ ಕೆಲಸ ಕೆಟ್ಟಿತು. ಆಮೇಲೆ ರೀಡ್ ಮೂರನೆಯ ಟಚ್‌ಡೌನ್ ಪಡೆದು ಬಿಲ್ಸ್ 38–35ರಲ್ಲಿ ಮುಂದಾಯಿತು. ಆಯಿಲರ್ಸ್ 38–38ಕ್ಕೆ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಮೂನ್ ಎಸೆದ ಚೆಂಡನ್ನು ಬಿಲ್ಸ್‌ನ ನೇಟ್ ಒಡಮ್ಸ್ ನಡುವೆಯೇ ಹಿಡಿದರು. 32 ಗಜದಿಂದ ಕ್ರಿಸ್ಟಿ ಒದೆಯಬೇಕು. ಚೆಂಡು ಹಿಡಿದು ನಿಲ್ಲಿಸಲು ಮೊಣಕಾಲೂರಿದವರು ಆ ದಿನ ನಾಲ್ಕು ಟಚ್‌ಡೌನ್ ಎಸೆದಿದ್ದ ಅದೇ ಫ್ರ್ಯಾಂಕ್ ರೈಕ್. ತಮ್ಮ ಹಳೆಯ ಕೆಲಸಕ್ಕೆ ಕುಳಿತು ಚೆಂಡನ್ನು ನೆಟ್ಟಗೆ ನಿಲ್ಲಿಸಿದರು. 41–38. 32 ಅಂಕ ಹಿಂದಿದ್ದು ಗೆದ್ದ ಈ ಪಂದ್ಯ ಮೂವತ್ತು ವರ್ಷ ಆ ಲೀಗಿನ ದಾಖಲೆಯಾಗಿ ಉಳಿಯಿತು. 2022ರ ಡಿಸೆಂಬರ್ 17ರಂದು ಮಿನೆಸೋಟ ವೈಕಿಂಗ್ಸ್ 33 ಅಂಕ ಹಿಂದಿನಿಂದ ಬಂದು ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡವನ್ನು ಸೋಲಿಸಿದಾಗಲೇ ಅದು ಮುರಿದದ್ದು.

ಇದರಿಂದ ‘ಪ್ರಯತ್ನಿಸಿದರೆ ಏನು ಬೇಕಾದರೂ ಸಾಧ್ಯ’ ಎಂಬ ಗೋಡೆಬರಹ ತೆಗೆಯುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಮುಂದಿನ ವಾರ ಪಿಟ್ಸ್‌ಬರ್ಗ್ ವಿರುದ್ಧವೂ ರೈಕ್ ಆಡಿ ಗೆಲ್ಲಿಸಿದರು. ಅದರ ಮುಂದಿನ ವಾರಕ್ಕೆ ಕೆಲ್ಲಿ ಗುಣವಾಗಿ ಬಂದರು. ರೈಕ್ ಸದ್ದಿಲ್ಲದೆ ಗೆರೆಯ ಹೊರಗೆ ನಿಂತರು. ಜನವರಿ 31ರ ಸೂಪರ್ ಬೌಲ್‌ನಲ್ಲಿ ಕೆಲ್ಲಿಗೆ ಮತ್ತೆ ಪೆಟ್ಟಾಗಿ ರೈಕ್ ಒಳಗೆ ಬಂದಾಗ ಪವಾಡವೇನೂ ನಡೆಯಲಿಲ್ಲ. ಡಲ್ಲಾಸ್ 52, ಬಿಲ್ಸ್ 17. ಅದೇ ಮನುಷ್ಯ, ಅದೇ ಸಿದ್ಧತೆ. ಸಿದ್ಧತೆಗೆ ಫಲದ ಖಾತರಿ ಇಲ್ಲ. ಅವಕಾಶ ಬಂದ ದಿನ ಬರಿಗೈಯಲ್ಲಿ ನಿಲ್ಲುವಂತಾಗುವುದಿಲ್ಲ, ಅಷ್ಟೆ.

ಹಾಗಾದರೆ ಮುನ್ನೋಟ ತಪ್ಪಿದ್ದು ಎಲ್ಲಿ? ಅಂಕಿಗಳಲ್ಲಿ ಒಂದೂ ಸುಳ್ಳಿರಲಿಲ್ಲ. 27–3 ನಿಜ, ಕೆಲ್ಲಿಯ ಮೊಣಕಾಲು ನಿಜ, ಮೂನ್ ಕೈಚಳಕ ನಿಜ. ಆದರೆ ಅಂಕಿಗಳು ಎಣಿಸುವುದು ಆಡಿದ್ದನ್ನು. ಆಡದೆ ಕಲಿತದ್ದಕ್ಕೆ ಅವುಗಳಲ್ಲಿ ಜಾಗವಿಲ್ಲ. ಬಿಲ್ಸ್ ಆಡುತ್ತಿದ್ದ ಪದ್ಧತಿಯಲ್ಲಿ ಆಟಗಾರರು ಪ್ರತಿ ಸಲ ಗುಂಪುಗೂಡಿ ಮಾತನಾಡಿಕೊಳ್ಳದೆ ಒಂದೇ ಸಮನೆ ಮುಂದೆ ಸಾಗುತ್ತಿದ್ದರು. ಅದನ್ನು ನಡೆಸುವವನ ತಲೆಯಲ್ಲಿ ಇಡೀ ಪುಸ್ತಕವೇ ಇರಬೇಕು. ರೈಕ್ ಆ ಪುಸ್ತಕವನ್ನು ವರ್ಷಗಟ್ಟಲೆ ಓದಿದ್ದರು, ಪರೀಕ್ಷೆ ಬರುವ ಖಾತರಿಯೇ ಇಲ್ಲದೆ. ತರಬೇತುದಾರ ಮಾರ್ವ್ ಲೀವಿಗೆ ಅದು ತಿಳಿದಿತ್ತು. ಹಾರ್ವರ್ಡ್‌ನಲ್ಲಿ ಇಂಗ್ಲೆಂಡಿನ ಚರಿತ್ರೆ ಓದಿ ಎಂ.ಎ. ಪಡೆದಿದ್ದ ಅವರು 35–3 ಆದ ಮೇಲೂ ರೈಕ್‌ರನ್ನು ಹೊರಗೆ ಕರೆಯಲಿಲ್ಲ.

ಈ ಕತೆಗೆ ಇನ್ನೊಂದು ಕೊಂಡಿ ಇದೆ. ರೈಕ್ ಮುಂದೆ ತರಬೇತುದಾರರಾದರು. 2017ರಲ್ಲಿ ಅವರು ಫಿಲಡೆಲ್ಫಿಯ ಈಗಲ್ಸ್ ತಂಡದ ಆಕ್ರಮಣ ವಿಭಾಗದ ಹೊಣೆ ಹೊತ್ತಿದ್ದರು. ಆ ಡಿಸೆಂಬರ್‌ನಲ್ಲಿ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಸ್‌ಗೆ ಮೊಣಕಾಲಿನ ಪೆಟ್ಟಾಯಿತು. ಎರಡನೆಯವರಾದ ನಿಕ್ ಫೋಲ್ಸ್ ಆಡಬೇಕಾಯಿತು. ಹೊರಗೆ ನಿಂತು ಕಾಯುವುದೆಂದರೆ ಏನೆಂದು ಬಲ್ಲವರೊಬ್ಬರು ಆಗ ಅವರ ಪಕ್ಕದಲ್ಲಿದ್ದರು. 2018ರ ಫೆಬ್ರುವರಿ 4ರಂದು ಈಗಲ್ಸ್ 41–33ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು ಸೋಲಿಸಿ ಸೂಪರ್ ಬೌಲ್ ಗೆದ್ದಿತು. ಆ ಪಂದ್ಯದ ಶ್ರೇಷ್ಠ ಆಟಗಾರ ಫೋಲ್ಸ್.

ಮಾರ್ಕ್ಸ್ ಕಾರ್ಡ್ ಕೈಗೆ ಬಂದಾಗ ತಂದೆತಾಯಿಗಳೂ ಮುನ್ನೋಟ ಬರೆಯುತ್ತಾರೆ. ಬರೆಯದೆ ಇರಲಾಗದು, ಫೀಸು ಕಟ್ಟಬೇಕು, ಕಾಲೇಜು ಆರಿಸಬೇಕು. ಆದರೆ ಆ ಕಾರ್ಡಿನಲ್ಲಿ ಇರುವುದು ಕೇಳಿದ ಪ್ರಶ್ನೆಗಳಿಗೆ ಬಂದ ಅಂಕ ಮಾತ್ರ. ಕೇಳದೇ ಹೋದ ಪ್ರಶ್ನೆಗಳಿಗೆ ಮಗು ಏನೇನು ಓದಿಕೊಂಡಿತ್ತು ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಅಕ್ಕ ಮೊದಲು, ತಮ್ಮ ಎರಡನೆಯವನು ಎಂದು ಮನೆಯಲ್ಲಿ ಒಮ್ಮೆ ಗೆರೆ ಎಳೆದ ಮೇಲೆ ತಮ್ಮನೂ ಅದನ್ನೇ ನಂಬಿ ಪುಸ್ತಕ ಮುಚ್ಚಿಬಿಡುವುದುಂಟು. ಫಲಿತಾಂಶ ಆಗಷ್ಟೇ ಮುನ್ನೋಟದಂತೆ ಬರುತ್ತದೆ, ಲೆಕ್ಕ ಸರಿಯಾಯಿತೆಂದು ಎಲ್ಲರೂ ತಲೆಯಾಡಿಸುತ್ತಾರೆ. ರೈಕ್ ಅವರನ್ನು ಎಂಟು ವರ್ಷ ಗೆರೆಯ ಹೊರಗೆ ನಿಲ್ಲಿಸಿದರೂ ಅವರು ಪುಸ್ತಕ ಮುಚ್ಚಲಿಲ್ಲ. ತಂಡದವರೂ ಅದನ್ನು ಕಸಿದುಕೊಳ್ಳಲಿಲ್ಲ.