ಭಾಗ 6: ಮಾತಾಡ್ಸಾಕ ಬಂದವರು

ನಿಮ್ಮ ಕ್ಲಾಸಿನ್ಯಾಗ ಯಾರಾದ್ರೂ ಹದಿನೈದು ದಿನ ರಜಾ ಹಾಕಿ, ಆಮೇಲೆ ಬಂದು ಹಿಂದಿನ ಬೆಂಚಿನ್ಯಾಗ ಸುಮ್ಮನ ಕುಂತಾರೇನು? ಹೋದ ವರ್ಷ ಆ ಹುಡುಗ ನಾನಾಗಿದ್ದೆ.

ನಮ್ಮದು ಬನಹಟ್ಟಿ. ಮನಿಯೊಳಗ ಎರಡು ಪಾವರ್‌ಲೂಮ್ ಮಗ್ಗ. ಹುಟ್ಟಿದಾಗಿನಿಂದ ಆ ಸಪ್ಪಳದಾಗ ಮಲಗಿದವ ನಾನು. ಕರೆಂಟ್ ಹೋಗಿ ಮಗ್ಗ ನಿಂತ್ರ ಎಚ್ಚರ ಆಗ್ತಿತ್ತು. ಅಪ್ಪ ತೀರ್ಕೊಂಡ ಮೇಲೆ ಮಗ್ಗ ನಿಂತವು. ನನ್ನ ನಿದ್ದಿನೂ ಹೋತು.

ಸತ್ತವರ ಮನಿಗೆ ಹೋಗೋದಕ್ಕೆ ನಮ್ಮ ಕಡೆ ‘ಮಾತಾಡ್ಸಾಕ ಹೋಗೋದು’ ಅಂತಾರ. ನಮ್ಮ ಮನಿಗೂ ಬಂದ್ರು. ಮುಧೋಳದಿಂದ ಸೋದರಮಾವ, ಬೀಳಗಿಯಿಂದ ಅತ್ತಿ. ಒಲಿ ಹಚ್ಚಲಿಲ್ಲ, ಓಣಿಯವರು ರೊಟ್ಟಿ-ಪಲ್ಯ ತಂದು ಉಣಿಸಿದ್ರು. ಆ ಋಣ ದೊಡ್ಡದು. ಆದ್ರ ಎಲ್ಲಾರೂ ನನಗ ಹೇಳಿದ್ದು ಒಂದೇ ಮಾತು: ‘ಗಟ್ಟಿ ಆಗಪಾ, ಅವ್ವನ್ನ ನೋಡ್ಕೋ.’ ನನ್ನನ್ನ ಯಾರೂ ಮಾತಾಡಿಸಲೇ ಇಲ್ಲ. ದಿನಕರ್ಮ ಮುಗೀತು, ಬಾಡಿಗಿ ಕುರ್ಚಿ ವಾಪಸ್ ಹೋದವು, ಮಂದಿನೂ ಹೋದ್ರು. ನನ್ನ ದುಃಖ ಶುರು ಆಗಿದ್ದು ಅವತ್ತಿನಿಂದ.

ಎರಡು ತಿಂಗಳಾದ ಮೇಲೆ, ಜಮಖಂಡಿ ಬಸ್ಸಿನ್ಯಾಗ ಗೆಳೆಯ ಒಬ್ಬ ಕೇಳಿದ: ‘ನಿಮ್ಮಪ್ಪ ಎಂಥಾ ಸೀರಿ ನೇಯ್ತಿದ್ರೋ?’ ‘ಹೆಂಗದಿ’ ಅಂತ ಕೇಳಿದ್ರ ‘ಆರಾಮ’ ಅಂತಿದ್ದೆ. ಈ ಪ್ರಶ್ನೆಗೆ ಹಂಗ ಅನ್ನಾಕ ಬರಲಿಲ್ಲ. ಸೆರಗು, ಅಂಚು, ನೂಲಿನ ಬಣ್ಣ ಎಲ್ಲಾ ಹೇಳಿದೆ. ಸ್ಟಾಪ್ ಬರೋದ್ರಾಗ ಅಳು ಬಂತು. ಅಂವ ಕಿಟಕಿ ಕಡೆ ಜಾಗ ಬಿಟ್ಟುಕೊಟ್ಟ, ಅಷ್ಟೇ.

ಆದ್ರೂ ರಾತ್ರಿ ನಿದ್ದಿ ಇಲ್ಲ. ಒಂದಿನ ಎರಡು ಗಂಟೆಗೆ 14416ಕ್ಕೆ ಫೋನ್ ಹಚ್ಚಿದೆ. ಅದು ಟೆಲಿ ಮನಸ್, 2022ರ ಅಕ್ಟೋಬರ್ 10ರಂದು ಸರ್ಕಾರ ಶುರು ಮಾಡಿದ ಸಹಾಯವಾಣಿ. ರೊಕ್ಕ ಇಲ್ಲ, ಹಗಲು-ರಾತ್ರಿ ಇರ್ತದ, ಕನ್ನಡದಾಗ ಮಾತಾಡಬಹುದು. ಆ ಕಡೆ ಇದ್ದ ಅಕ್ಕ ‘ಗಟ್ಟಿ ಆಗು’ ಅನ್ನಲಿಲ್ಲ. ಊಟ, ನಿದ್ದಿ ಕೇಳಿದ್ರು. ಆಮೇಲೆ ಅಪ್ಪನ ಬಗ್ಗೆ ಕೇಳಿದ್ರು. ಅವತ್ತೇ ಎಲ್ಲಾ ಸರಿ ಆಗಲಿಲ್ಲ. ಆದ್ರ ಬೆಳಗಿನ ಜಾವ ಒಂದಿಷ್ಟು ಕಣ್ಣು ಹತ್ತಿತು.

ಎದುರಿಗೆ ಕುಂತು ಮಾತಾಡಬೇಕು ಅನಿಸಿದ್ರ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಮಂಗಳವಾರದ ಬಗ್ಗೆ ವಿಚಾರಿಸಿ. ಮನೋವೈದ್ಯರು ತಾಲೂಕಿಗೇ ಬರಲಿ ಅಂತ ಮಾಡಿದ ಯೋಜನೆ ಅದು. ಅಲ್ಲಿಗೆ ಹೋದ್ರ ಹುಚ್ಚು ಅಂತ ಅರ್ಥ ಅಲ್ಲ. ಬದುಕೇ ಬ್ಯಾಡ ಅನಿಸಿದ್ರಂತೂ ಒಬ್ಬರೇ ಇರಬ್ಯಾಡ್ರಿ. ಆ ಕ್ಷಣನೇ ಯಾರಿಗಾದ್ರೂ ಹೇಳ್ರಿ.

ಮೊನ್ನೆ ನೆನಪಾತು, ಅವ್ವನ್ನೂ ಯಾರೂ ಕೇಳಿಲ್ಲ. ರೊಟ್ಟಿ ಬಡಿಯೋವಾಗ ಕೇಳಿದೆ: ‘ಅವ್ವಾ, ಅಪ್ಪ ನಿನಗಂತ ನೇಯ್ದ ಮೊದಲ ಸೀರಿ ಯಾವ ಬಣ್ಣ?’ ಅವ್ವ ಕೈ ನಿಲ್ಲಿಸಿ ಹೇಳ್ತಾ ಹೋದಳು. ಹಂಚಿನ ಮ್ಯಾಲಿನ ರೊಟ್ಟಿ ಕರಕಲಾತು. ಇಬ್ಬರೂ ಅದನ್ನೇ ಹಂಚ್ಕೊಂಡು ತಿಂದ್ವಿ.

ಹಿಂದಿನ ಬೆಂಚಿನ ಆ ಗೆಳೆಯನ್ನ, ಗೆಳತಿಯನ್ನ ನಾಳೆ ಮಾತಾಡಿಸ್ರಿ. ಹೋದವರ ಬಗ್ಗೆನೇ ಕೇಳ್ರಿ.

ನಿಮ್ಮನ್ನ ಯಾರು ಮಾತಾಡಿಸಿದ್ರು? ಕೆಳಗ ಬರೀರಿ, ಎಲ್ಲಾ ಓದ್ತೀನಿ.

#ಬನಹಟ್ಟಿ #ಜಮಖಂಡಿ #ಮುಧೋಳ #ಬೀಳಗಿ